ನಮಗೊಂದು ಕಿಲೋಮೀಟರ್ ಕಾಂಕ್ರೀಟ್ ಕೊಡಿ

ಇವರಿಗೆ,
ಮಾನ್ಯ ಸಾರಿಗೆ ಸಚಿವರು, ಮಾನ್ಯ ಕ್ರೀಡಾ ಸಚಿವರು, ಜಿಲ್ಲಾಡಳಿತದ ಹಿರಿಯರು ಮತ್ತು ನಮ್ಮ ಭಾಗದ ಸಿಮೆಂಟ್ ಕಾರ್ಖಾನೆಗಳ ಆಡಳಿತ ಮಂಡಳಿಯವರು.

ವಿಷಯ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ರಸ್ತೆಗಳಲ್ಲಿ ರಾತ್ರಿ ನಡೆಯುವ ಕಾರು ರೇಸು ಮತ್ತು ಅದಕ್ಕೊಂದು ಪ್ರತ್ಯೇಕ ಜಾಗ ಒದಗಿಸುವ ಕುರಿತು.

ಮಾನ್ಯರೇ,

ನಾನು ಸೇಡಂನಲ್ಲಿ ಗ್ಯಾರೇಜ್ ಇಟ್ಟುಕೊಂಡವನು. ನಮ್ಮಂಥವರನ್ನು ಇಲ್ಲಿ ಹುಡುಗರು ಉಸ್ತಾದ್ ಎಂದೇ ಕರೆಯುವುದು. ಮೇಷ್ಟ್ರ ಹಳೇ ಆಲ್ಟೊದಿಂದ ಹಿಡಿದು ಕಾರ್ಖಾನೆಗೆ ಬಾಡಿಗೆಗೆ ಓಡುವ ಬೊಲೆರೊವರೆಗೆ ಎಲ್ಲ ಗಾಡಿಗಳೂ ನಮ್ಮ ಕೈಗೆ ಬರುತ್ತವೆ. ಈಚೆಗೆ ಇನ್ನೊಂದು ಬಗೆಯ ಗಿರಾಕಿ ಹೆಚ್ಚಿದ್ದಾನೆ. ವಯಸ್ಸು ಇಪ್ಪತ್ತೋ ಇಪ್ಪತ್ತೆರಡೋ. ಅಪ್ಪನದೋ ಅಣ್ಣನದೋ ಒಂದು ಡೀಸೆಲ್ ಸ್ವಿಫ್ಟ್. ಕೈಯಲ್ಲಿ ಮೊಬೈಲು, ಅದರಲ್ಲಿ ಯಾರೋ ಎಲ್ಲೋ ಓಡಿಸಿದ ರೇಸಿನ ವಿಡಿಯೊ. "ಉಸ್ತಾದ್, ಗಾಡಿ ಚಲೋ ಅದ, ಆದ್ರ ಎಳೀವಲ್ದು. ಪಿಕಪ್ ಬರಂಗ ಮಾಡ್ರಿ" ಅನ್ನುತ್ತಾನೆ. ಎಲ್ಲಿ ಓಡಿಸ್ತೀಯಪ್ಪಾ ಎಂದು ಕೇಳಿದರೆ ನಗುತ್ತಾನೆ. ಎಲ್ಲಿ ಎಂಬುದು ನನಗೂ ಗೊತ್ತು, ಊರಿಗೂ ಗೊತ್ತು. ರಾತ್ರಿ ಹತ್ತರ ಮೇಲೆ, ಊರು ದಾಟಿದ ಕೂಡಲೇ ಸಿಗುವ ನೆಟ್ಟನೆಯ ಡಾಂಬರು ರಸ್ತೆ.

ಆ ಹುಡುಗನ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಅವನನ್ನು ರಸ್ತೆಯಿಂದ ಬೇರೆಡೆಗೆ ಕರೆದೊಯ್ಯುವ ದಾರಿ ಕಾನೂನಿನಲ್ಲೇ ಇದೆ, ಅದನ್ನು ತೆರೆಯುವವರು ಮಾತ್ರ ಯಾರೂ ಇಲ್ಲ. ನನ್ನ ಅಹವಾಲು ಅಷ್ಟೇ.

ಮೊದಲು ನಮ್ಮ ರಸ್ತೆಯ ವಿಚಾರ. ಸೇಡಂ, ಮಳಖೇಡ, ಚಿತ್ತಾಪುರ, ವಾಡಿ, ಶಹಾಬಾದ್ ಇವೆಲ್ಲ ಸುಣ್ಣಕಲ್ಲಿನ ಮೇಲೆ ಕೂತಿರುವ ಊರುಗಳು. ಹಗಲು ರಾತ್ರಿ ಎನ್ನದೆ ಸಿಮೆಂಟ್ ಬಲ್ಕರ್‌ಗಳು ಓಡುತ್ತವೆ. ರಸ್ತೆಯ ಅಂಚಿಗೆ ಬೂದು ದೂಳು ಪದರುಗಟ್ಟಿರುತ್ತದೆ, ಒಂದು ಹನಿ ಮಳೆ ಬಿದ್ದರೆ ಅದೇ ಜಾರುವ ರಾಡಿ. ಫರಸಿ ಕಲ್ಲು ಹೇರಿದ ಟ್ರ್ಯಾಕ್ಟರಿಗೆ ಹಿಂದಿನ ದೀಪ ಇರುವುದು ಅಪರೂಪ. ಚಿಂಚೋಳಿ ಕಡೆ ಹೊರಟರೆ ತಿರುವು, ಗುಡ್ಡ, ವನ್ಯಜೀವಿಧಾಮ. ಸೈಲೆನ್ಸರ್ ಬಿಚ್ಚಿದ ಗಾಡಿಗೆ ಅಲ್ಲಿ ಏನೂ ಕೆಲಸವಿಲ್ಲ, ಇರಲೂ ಬಾರದು.

ಎಲ್ಲಕ್ಕಿಂತ ಕಷ್ಟದ ಕಾಲ ಡಿಸೆಂಬರ್, ಜನವರಿ. ಆಗ ತೊಗರಿ ಕಟಾವು. ಕಣ ಇಲ್ಲದ ರೈತ ರಸ್ತೆಯ ಅರ್ಧಕ್ಕೆ ತೊಗರಿ ಗಿಡ ಹರವಿ, ಬಂದುಹೋಗುವ ಗಾಡಿಯ ಗಾಲಿಗೆ ಸಿಕ್ಕು ಕಾಳು ಉದುರಲಿ ಎಂದು ಬಿಟ್ಟಿರುತ್ತಾನೆ. ಗಾಡಿಗಳು ರಾಶಿಯ ಮೇಲೆ ಹತ್ತದಿರಲಿ ಎಂದು ಅಂಚಿಗೆ ತಲೆ ಗಾತ್ರದ ಕಲ್ಲುಗಳ ಸಾಲು. ರಾತ್ರಿ ಕಾವಲಿಗೆ ಕಂಬಳಿ ಹೊದ್ದು ಅಲ್ಲೇ ಮಲಗುವವರೂ ಇದ್ದಾರೆ. ರೇಸಿನ ಹುಡುಗರಿಗೂ ಅದೇ ಸೀಸನ್. ತಂಪು ಗಾಳಿ ದಟ್ಟವಾಗಿರುತ್ತದೆ, ಇಂಜಿನ್ನಿಗೆ ಹೆಚ್ಚು ಆಮ್ಲಜನಕ ಸಿಗುತ್ತದೆ, ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಉಸ್ಸೆನ್ನುವ ಗಾಡಿ ಆಗ ಚೆನ್ನಾಗಿ ಎಳೆಯುತ್ತದೆ. ಒಂದೇ ರಸ್ತೆಯ ಮೇಲೆ ಒಂದು ಕಡೆ ತೊಗರಿ, ಇನ್ನೊಂದು ಕಡೆ ರೇಸು.

ಲೆಕ್ಕ ಹಾಕಿ ನೋಡಿ. ನಮ್ಮ ಹುಡುಗರು ಓಡಿಸುವುದು ಡ್ರ್ಯಾಗ್ ರೇಸ್, ಅಂದರೆ ಎರಡು ಗಾಡಿ ಅಕ್ಕಪಕ್ಕ ನಿಂತು, ನಿಂತಲ್ಲಿಂದ ಹೊರಟು, ನೇರ ದಾರಿಯಲ್ಲಿ ಕಾಲು ಮೈಲಿ, ಅಂದರೆ 402 ಮೀಟರ್ ಮುಟ್ಟುವುದು. ಸಾಧಾರಣ ಗಾಡಿಯೂ ಅಷ್ಟು ದೂರದಲ್ಲಿ ಗಂಟೆಗೆ 120 ಕಿಲೋಮೀಟರ್ ಹತ್ತಿರ ಹೋಗಿರುತ್ತದೆ. ಸೆಕೆಂಡಿಗೆ 33 ಮೀಟರ್. ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿಗೇ 33 ಮೀಟರ್ ಹೋಯಿತು. ಆಮೇಲೆ ಒಳ್ಳೆಯ ಟೈರು, ಒಣ ರಸ್ತೆ ಇದ್ದರೆ ನಿಲ್ಲಲು ಇನ್ನೂ 70 ಮೀಟರ್ ಬೇಕು. ಟೈರು ಸವೆದು, ರಸ್ತೆಯ ಮೇಲೆ ದೂಳು ಇದ್ದರೆ ಅದರ ಎರಡರಷ್ಟು. ಡಿಪ್ ಲೈಟಿನ ಬೆಳಕು ಅದರ ಅರ್ಧದಷ್ಟು ದೂರವೂ ಮುಟ್ಟುವುದಿಲ್ಲ. ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಕಾಣುವ ಹೊತ್ತಿಗೆ ಮಾಡಬಹುದಾದದ್ದು ಏನೂ ಉಳಿದಿರುವುದಿಲ್ಲ.

ಈಗ ನನ್ನ ಕಸುಬಿನ ಒಳಗಿನ ಮಾತು. ಇದನ್ನು ಅಧಿಕಾರಿಗಳು ಗಮನವಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಹುಡುಗ ಬಂದ ಕೂಡಲೇ ಕೇಳುವುದು ಸೌಂಡ್. "ಮಂದಿ ತಿರುಗಿ ನೋಡಬೇಕ್ ನೋಡ್ರಿ" ಅನ್ನುತ್ತಾನೆ. ಸೈಲೆನ್ಸರ್ ಒಳಗಿನ ಜಾಲರಿ ಕಿತ್ತು ಹಾಕಿದರೆ ಸದ್ದು ಬರುತ್ತದೆ ನಿಜ, ಗಾಡಿ ಓಡುವುದು ಹೆಚ್ಚು ಕಡಿಮೆ ಅಷ್ಟೇ. ಎರಡನೆಯದು ರೀಮ್ಯಾಪ್. ಇಂಜಿನ್ನಿನ ಕಂಪ್ಯೂಟರಿಗೆ ಬೇರೆ ಲೆಕ್ಕ ತುಂಬಿ ಟರ್ಬೊದ ಒತ್ತಡ ಏರಿಸಿ, ಡೀಸೆಲ್ ಹೆಚ್ಚು ಸುರಿಯುವುದು. ಇದರಿಂದ ಎಳೆತ ಖಂಡಿತ ಹೆಚ್ಚುತ್ತದೆ. ಜತೆಗೆ ಕಪ್ಪು ಹೊಗೆ ಬರುತ್ತದೆ, ಹಳೆಯ ಕ್ಲಚ್ ಜಾರಲು ಶುರುವಾಗುತ್ತದೆ. ಮೂರನೆಯದು ಅಗಲವಾದ ಅಲಾಯ್ ವೀಲ್. ಅದು ಕೂರಲೆಂದು ನಡುವೆ ಸ್ಪೇಸರ್ ಇಟ್ಟು, ಹಳೆಯ ಬೋಲ್ಟನ್ನೇ ಬಿಗಿದಿರುತ್ತಾರೆ. ಹಿಡಿತಕ್ಕೆ ಮೂರ್ನಾಲ್ಕು ಸುತ್ತೂ ಸಿಕ್ಕಿರುವುದಿಲ್ಲ.

ಇಷ್ಟೆಲ್ಲ ಮಾಡಿಸಲೆಂದು ಒಬ್ಬ ಹುಡುಗ ತಂದ ಗಾಡಿ ಜ್ಯಾಕಿಗೆ ಹತ್ತಿಸಿದಾಗ ನಾನು ಟೈರಿನ ಪಕ್ಕ ಉಜ್ಜಿ ನೋಡಿದೆ. ಟೈರಿನ ಮೇಲೆ ನಾಲ್ಕು ಅಂಕಿ ಒತ್ತಿರುತ್ತಾರೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಅದರಲ್ಲಿ 2314 ಎಂದಿತ್ತು, 2014ರ ಇಪ್ಪತ್ಮೂರನೆಯ ವಾರದ ಟೈರು. ಟೈರಿನ ಹೂವು, ಅಂದರೆ ಮೇಲಿನ ಗೀರು, ಇನ್ನೂ ಇದೆ, ಆದರೆ ರಬ್ಬರ್ ಉಗುರಿಗೆ ಸಿಗದಷ್ಟು ಗಟ್ಟಿ, ಪಕ್ಕಕ್ಕೆಲ್ಲ ಕೂದಲೆಳೆಯಂಥ ಬಿರುಕು. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರೆ ಕಷಾಯದ ಬಣ್ಣ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಹೊಸ ಡಾಟ್-3 ಆಯಿಲ್ ಕುದಿಯುವುದು 205 ಡಿಗ್ರಿಗೆ, ತೇವ ಹೀರಿದ್ದು 140ಕ್ಕೇ ಕುದಿಯಬಹುದು. ಜೋರಾಗಿ ಮತ್ತೆ ಮತ್ತೆ ಬ್ರೇಕ್ ಒತ್ತಿದರೆ ಪೈಪಿನೊಳಗೆ ಆವಿ ಏಳುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಮೊದಲು ಟೈರು, ಬ್ರೇಕ್ ಮಾಡಿಸು ಎಂದೆ. "ಅದು ಆಮ್ಯಾಲ ನೋಡಮ್ರಿ ಉಸ್ತಾದ್, ಸದ್ಯ ರೊಕ್ಕ ಇಷ್ಟೇ ಅದ" ಎಂದ. ನಾನು ಕೆಲಸ ಮಾಡಿಕೊಡಲಿಲ್ಲ. ಅವನಿಗೇನು, ಇನ್ನೊಂದು ಗ್ಯಾರೇಜಿಗೆ ಹೋದ.

ರೇಸಿಗೆ ಗಾಡಿ ತಯಾರು ಮಾಡುವ ನಿಜವಾದ ವಿದ್ಯೆ ಇದಕ್ಕೆ ತಲೆಕೆಳಗಾದದ್ದು. ಮೊದಲು ನಿಲ್ಲಿಸುವುದು, ಆಮೇಲೆ ಓಡಿಸುವುದು. ಹೊಸ ಬ್ರೇಕ್ ಪ್ಯಾಡ್, ಹೊಸ ಆಯಿಲ್, ನಾಲ್ಕೂ ಒಂದೇ ಜಾತಿಯ ಟೈರು, ಟಾರ್ಕ್ ಸ್ಪ್ಯಾನರಿನಲ್ಲಿ ಅಳತೆಗೆ ಬಿಗಿದ ಗಾಲಿಯ ಬೋಲ್ಟು, ಅಲುಗಾಡದಂತೆ ಕಟ್ಟಿದ ಬ್ಯಾಟರಿ, ಒಂದು ಹನಿಯೂ ಸೋರದ ಆಯಿಲ್ ಸೀಲು. ಆಮೇಲೆ ತೂಕ. ನಮ್ಮ ಹುಡುಗರ ಡಿಕ್ಕಿಯಲ್ಲಿ ಎರಡು ದೊಡ್ಡ ಸ್ಪೀಕರ್, ಅದಕ್ಕೊಂದು ಆಂಪ್ಲಿಫೈಯರ್ ಇರುತ್ತವೆ. ಮುಂಗಾಲಿಯಿಂದ ಎಳೆಯುವ ಕಾರು ಹೊರಡುವಾಗ ಭಾರವೆಲ್ಲ ಹಿಂದಕ್ಕೆ ಜಗ್ಗುತ್ತದೆ, ಮುಂಗಾಲಿ ಹಗುರಾಗಿ ಇದ್ದಲ್ಲೇ ತಿರುಗುತ್ತದೆ. ಆ ಸ್ಪೀಕರ್ ಇಳಿಸಿದರೆ ಪೈಸೆ ಖರ್ಚಿಲ್ಲದೆ ಗಾಡಿ ಚುರುಕಾಗುತ್ತದೆ. ಇದನ್ನು ಹೇಳಿದರೆ ಮಾತ್ರ ಹುಡುಗರ ಮುಖ ಸಣ್ಣದಾಗುತ್ತದೆ, ಹಾಡಿಲ್ಲದೆ ಹೆಂಗ್ರಿ ಅನ್ನುತ್ತಾರೆ! ಇನ್ನು ಹೊರಡುವ ಕಲೆ ಬೇರೆಯೇ ಇದೆ. ಎಷ್ಟು ಆರ್‌ಪಿಎಂಗೆ ಕ್ಲಚ್ ಬಿಡಬೇಕು, ಮುಂಟೈರಿನ ಗಾಳಿ ಎಷ್ಟಿರಬೇಕು, ಮೊದಲ ಅರವತ್ತು ಅಡಿ ಎಷ್ಟು ಹೊತ್ತಿನಲ್ಲಿ ಮುಟ್ಟಿದೆ. ರೇಸು ಗೆಲ್ಲುವುದು ಬಹುಪಾಲು ಈ ಅರವತ್ತು ಅಡಿಯಲ್ಲಿ. ಸದ್ದಿನಿಂದ ಗೆದ್ದವರನ್ನು ನಾನು ಕಂಡಿಲ್ಲ.

ಕಟ್ಟುನಿಟ್ಟಿನ ರೇಸಿನಲ್ಲಿ ಗಾಡಿ ಗೆರೆಯ ಹತ್ತಿರ ಹೋಗುವ ಮೊದಲು ತಪಾಸಣೆ ಇರುತ್ತದೆ. ಟೈರು ಸರಿಯಿಲ್ಲವೇ, ವಾಪಸ್. ಆಯಿಲ್ ಸೋರುತ್ತಿದೆಯೇ, ವಾಪಸ್. ಹೆಲ್ಮೆಟ್, ಬೆಲ್ಟ್ ಇಲ್ಲವೇ, ಮನೆಗೆ ನಡೆ. ಹಾಗೊಂದು ತಪಾಸಣೆ ಇದೆ ಎಂದಾದರೆ ಅದೇ ಹುಡುಗ ಅದೇ ರೊಕ್ಕವನ್ನು ತಾನಾಗಿಯೇ ಬ್ರೇಕಿಗೆ ಸುರಿಯುತ್ತಾನೆ. ಇಲ್ಲದಿದ್ದರೆ ಸೌಂಡಿಗೆ ಸುರಿಯುತ್ತಾನೆ, ಏಕೆಂದರೆ ರಾತ್ರಿ ರಸ್ತೆಯಲ್ಲಿ ಅವನನ್ನು ಮೆಚ್ಚುವ ಗೆಳೆಯರಿಗೆ ಕೇಳಿಸುವುದು ಸೌಂಡ್ ಒಂದೇ. ತಡೆದು ನಿಲ್ಲಿಸುವ ಪೊಲೀಸರ ಕಿವಿಗೂ ಬೀಳುವುದು ಅದೇ. ಸೈಲೆನ್ಸರಿಗೆ ದಂಡ ಕಟ್ಟಿಸಿಕೊಂಡು ಬಂದ ಗಾಡಿಗಳನ್ನು ನೋಡಿದ್ದೇನೆ, ಮೊಂಡು ಟೈರಿಗೆ ದಂಡ ಕಟ್ಟಿ ಬಂದದ್ದನ್ನು ನೋಡಿಲ್ಲ.

ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಕಾಯ್ದೆ 1988ರ 189ನೇ ಕಲಂ ಸಾರ್ವಜನಿಕ ಸ್ಥಳದಲ್ಲಿ ರೇಸ್ ನಡೆಸುವವರಿಗೂ ಓಡಿಸುವವರಿಗೂ ಶಿಕ್ಷೆ ಹೇಳುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷ ಅಥವಾ 10,000. ಗಾಡಿಯನ್ನು ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ಬದಲಿಸುವುದನ್ನು 52ನೇ ಕಲಂ ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಹದಿನೆಂಟು ತುಂಬದವನ ಕೈಗೆ ಕೀಲಿ ಕೊಟ್ಟರೆ 199ಎ ಕಲಂ ಪ್ರಕಾರ ಅಪ್ಪನಿಗೆ ಮೂರು ವರ್ಷದವರೆಗೆ ಜೈಲು, 25,000 ದಂಡ. ಇದ್ಯಾವುದಕ್ಕೂ ನನ್ನ ತಕರಾರಿಲ್ಲ. ಇನ್ಶೂರೆನ್ಸ್ ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ರೇಸು ಮತ್ತು ವೇಗ ಪರೀಕ್ಷೆಗೆ ಪರಿಹಾರವಿಲ್ಲ ಎಂದು ಬರೆದಿರುತ್ತದೆ ಎಂಬುದನ್ನೂ ತಂದೆತಾಯಿಗಳು ಓದಿಕೊಳ್ಳುವುದು ಒಳ್ಳೆಯದು.

ಆದರೆ 189ನೇ ಕಲಂನ್ನು ಪೂರ್ತಿ ಓದಿ. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರೇಸು ನಡೆಸುವವರಿಗೆ ಈ ಶಿಕ್ಷೆ ಎಂದಿದೆ. ಅಂದರೆ ಒಪ್ಪಿಗೆ ಕೊಡುವ ಅಧಿಕಾರವನ್ನು ಶಾಸನವೇ ಸರ್ಕಾರದ ಕೈಗಿಟ್ಟಿದೆ. ಈ ಒಪ್ಪಿಗೆಗೆ ಅರ್ಜಿ ಎಲ್ಲಿ ಹಾಕಬೇಕು, ಯಾವ ನಮೂನೆ, ಯಾವ ಷರತ್ತು? ನಾನು ಒಂದು ಕಚೇರಿಗೆ ಹೋಗಿ ಕೇಳಿದೆ. ಇದು ನಮ್ಮದಲ್ಲ ಎಂದು ಇನ್ನೊಂದಕ್ಕೆ ಕಳಿಸಿದರು. ಅಲ್ಲಿಂದ ಮತ್ತೊಂದಕ್ಕೆ. ಅಲ್ಲಿ ಕನ್ನಡಕದ ಮೇಲಿಂದ ನೋಡಿ, "ರೇಸಾ? ನಿಮಗ ಬ್ಯಾರೆ ಕೆಲಸ ಇಲ್ಲೇನ್ರಿ?" ಎಂದರು. ಯಾವ ಕಚೇರಿ ಎಂಬುದು ಬೇಡ, ಅವರಿಗೂ ಉತ್ತರ ಗೊತ್ತಿರಲಿಲ್ಲ ಅಷ್ಟೇ.

ಒಪ್ಪಿಗೆ ಕೊಡುವುದು ಹೇಗೆಂದು ನಮ್ಮ ಸರ್ಕಾರಕ್ಕೆ ಬರುವುದಿಲ್ಲ ಎಂದು ಮಾತ್ರ ಯಾರೂ ಹೇಳಬೇಡಿ. ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕೆ ಕಾನೂನಿನ ತೊಡಕು ಬಂದಾಗ ಕರ್ನಾಟಕ 2017ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆಗೇ ತಿದ್ದುಪಡಿ ತಂದಿತು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2023ರ ಮೇ ತಿಂಗಳಲ್ಲಿ ಅದನ್ನು ಮಾನ್ಯ ಮಾಡಿತು. ಅಲ್ಲಿ ಶಾಸನವನ್ನೇ ಬದಲಿಸಬೇಕಾಗಿತ್ತು. ಇಲ್ಲಿ ಇರುವ ಶಾಸನವನ್ನು ಓದಿ ಒಂದು ಸಹಿ ಹಾಕಿದರೆ ಸಾಕು.

ಇದು ಹೊಸ ಯೋಚನೆಯೂ ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಳೇ ಕಾರು ಕಟ್ಟಿಕೊಂಡು ರಸ್ತೆಯಲ್ಲಿ ಓಡಿಸುವ ಹುಡುಗರ ಕಾಟ ನಮ್ಮಲ್ಲಿಗಿಂತ ಹೆಚ್ಚಿತ್ತು. ವಾಲಿ ಪಾರ್ಕ್ಸ್ ಎಂಬವರು 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದ್ದು ಅವರನ್ನು ರಸ್ತೆಯಿಂದ ಬಿಡಿಸಲೆಂದೇ. ಅದರ ಮೊದಲ ಅಧಿಕೃತ ರೇಸು 1953ರಲ್ಲಿ ನಡೆದದ್ದು ಪೊಮೊನಾ ಊರಿನ ಜಾತ್ರೆ ಮೈದಾನದ ಪಾರ್ಕಿಂಗ್ ಜಾಗದಲ್ಲಿ. ಆ ಊರಿನ ಪೊಲೀಸರೇ ಬೆನ್ನಿಗೆ ನಿಂತರು. ಮರುವರ್ಷ ಊರೂರು ತಿರುಗಿ ಸುರಕ್ಷಿತವಾಗಿ ರೇಸು ನಡೆಸುವುದನ್ನು ಕಲಿಸಿದ ತಂಡದ ಮುಂದಾಳು ಬಡ್ ಕೂನ್ಸ್, ಅದೇ ಪೊಮೊನಾದ ಪೊಲೀಸ್ ಸಾರ್ಜೆಂಟ್. ನಮ್ಮ ದೇಶದಲ್ಲೂ ಮದ್ರಾಸಿನ ಹತ್ತಿರದ ಶೋಳಾವರಂನಲ್ಲಿ ಯುದ್ಧಕಾಲದ ಪಾಳು ವಿಮಾನಪಟ್ಟಿಯ ಮೇಲೆ ದಶಕಗಟ್ಟಲೆ ರೇಸು ನಡೆದಿದೆ. ಈಗ ಅಲ್ಲಿನ ಶ್ರೀಪೆರಂಬುದೂರು ಬಳಿ ಪಕ್ಕಾ ಟ್ರ್ಯಾಕ್ ಇದೆ. ರಾಷ್ಟ್ರಮಟ್ಟದ ಬೈಕ್ ಡ್ರ್ಯಾಗ್ ರೇಸಿನಲ್ಲಿ ಮತ್ತೆ ಮತ್ತೆ ಚಾಂಪಿಯನ್ ಆದ ಹೇಮಂತ್ ಮುದ್ದಪ್ಪ ನಮ್ಮ ಬೆಂಗಳೂರಿನವರು. ಕೇಂದ್ರದ ಮಾನ್ಯತೆ ಪಡೆದ ಎಫ್‌ಎಂಎಸ್‌ಸಿಐ ಎಂಬ ಮೋಟಾರು ಕ್ರೀಡೆಗಳ ಒಕ್ಕೂಟ ಸ್ಪರ್ಧಾ ಪರವಾನಗಿ ಕೊಡುತ್ತದೆ, ನಿಯಮ ಹೇಳುತ್ತದೆ. ಎಲ್ಲವೂ ಇದೆ. ಸೇಡಂನ ಹುಡುಗನಿಗೆ ಅದು ಆರೇಳುನೂರು ಕಿಲೋಮೀಟರ್ ಆಚೆ ಇದೆ.

ಜಾಗದ ಮಾತಿಗೆ ಬರುತ್ತೇನೆ. 402 ಮೀಟರ್ ಓಡಲು, ಆಮೇಲೆ ನಿಧಾನಿಸಿ ನಿಲ್ಲಲು, ಒಟ್ಟು ಒಂದು ಕಿಲೋಮೀಟರ್ ನೇರ ಪಟ್ಟಿ ಬೇಕು. ಅಗಲ ಹತ್ತು ಮೀಟರ್, ದಪ್ಪ 20 ಸೆಂಟಿಮೀಟರ್ ಎಂದುಕೊಳ್ಳಿ. ಎರಡು ಸಾವಿರ ಘನ ಮೀಟರ್ ಕಾಂಕ್ರೀಟ್. ಘನ ಮೀಟರಿಗೆ 350 ಕಿಲೋ ಹಿಡಿದರೆ 700 ಟನ್ ಸಿಮೆಂಟ್, ಚೀಲದ ಲೆಕ್ಕದಲ್ಲಿ 14,000 ಚೀಲ. ವರ್ಷಕ್ಕೆ 30 ಲಕ್ಷ ಟನ್ ಸಿಮೆಂಟ್ ಮಾಡುವ ಒಂದು ಕಾರ್ಖಾನೆಗೆ ಇದು ಎರಡು ಗಂಟೆಯ ಉತ್ಪಾದನೆ. ಅಂಥ ಕಾರ್ಖಾನೆಗಳು ನಮ್ಮ ಮಗ್ಗುಲಲ್ಲಿ ಒಂದಲ್ಲ, ಹಲವು. ದೇಶದ ಊರೂರಿನ ಚಾವಣಿಗೆ ಇಲ್ಲಿಯ ಸಿಮೆಂಟ್ ಹೋಗುತ್ತದೆ, ಇಲ್ಲಿಯ ಹುಡುಗನಿಗೆ ಇಲ್ಲಿಯ ದೂಳು ಸಿಗುತ್ತದೆ.

ಗಣಿ ರಾಯಧನದ ಜತೆಗೆ ಬರುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಇದಕ್ಕೆ ಬೇಡ. ಅದು ಕುಡಿಯುವ ನೀರಿಗೆ, ಆಸ್ಪತ್ರೆಗೆ, ಶಾಲೆಗೆ ಹೋಗಲಿ. ಅದರಲ್ಲಿ ರೇಸಿಗೆ ಪಾಲು ಕೇಳುವಷ್ಟು ನಾಚಿಕೆಗೆಟ್ಟಿಲ್ಲ. ಕಂಪನಿಗಳು ಕಾಯ್ದೆಯ ಪ್ರಕಾರ ಲಾಭದ ಎರಡು ಪ್ರತಿಶತವನ್ನು ಸಮಾಜಕ್ಕೆ ಖರ್ಚು ಮಾಡುತ್ತವಲ್ಲ, ಆ ಪಟ್ಟಿಯಲ್ಲಿ ರಾಷ್ಟ್ರೀಯ ಮಾನ್ಯತೆ ಇರುವ ಕ್ರೀಡೆಗಳ ತರಬೇತಿಯೂ ಇದೆ. ಕಲ್ಲು ತೆಗೆದು ಮುಗಿದ ಸಮತಟ್ಟು ಜಾಗ, ಊರಿಂದ ದೂರ, ಚಿಂಚೋಳಿಯ ಕಾಡಿನಿಂದಂತೂ ಇನ್ನೂ ದೂರ, ಇರುವುದು ಕಾರ್ಖಾನೆಗಳ ಸುಪರ್ದಿಯಲ್ಲೇ. ಹೊಲ ಮಾತ್ರ ಮುಟ್ಟಬೇಡಿ.

ಕೆಲಸಕ್ಕೆ ಜನವೂ ಇದ್ದಾರೆ. ಶಹಾಬಾದಿನ ಬಾಯ್ಲರ್ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕಲಿತ ಹಿರಿಯರು ಇನ್ನೂ ಇದ್ದಾರೆ. ಹೆಚ್ಚಿನ ಒತ್ತಡದ ಪೈಪು ಬೆಸೆದ ಕೈ ಅದು, ಕಾರಿನೊಳಗೆ ಕೂಡಿಸುವ ಉಕ್ಕಿನ ರೋಲ್ ಕೇಜ್ ಅವರಿಗೆ ದೊಡ್ಡ ಕೆಲಸವಲ್ಲ. ತಪಾಸಣೆಗೆ ಐಟಿಐ ಹುಡುಗರನ್ನು ತಯಾರು ಮಾಡಬಹುದು. ಮೊದಲ ವರ್ಷ ಇಂಜಿನ್ ಬದಲಿಸದ ಗಾಡಿಗಳಿಗೆ ಮಾತ್ರ ಅವಕಾಶ ಕೊಡಿ. ಓಡಿಸಿಕೊಂಡು ಬಂದ ಗಾಡಿಯನ್ನು ಕಾನೂನುಬದ್ಧವಾಗಿಯೇ ಓಡಿಸಿಕೊಂಡು ಮನೆಗೆ ಹೋಗುವಂತಿರಬೇಕು. ಪರವಾನಗಿ ಇಲ್ಲದವನಿಗೆ ಬೇಡ, ಕುಡಿದವನಿಗೆ ಬೇಡ, ಹದಿನೆಂಟು ತುಂಬದವನಿಗೆ ಬೇಡ. ಆಂಬುಲೆನ್ಸ್, ಅಗ್ನಿಶಾಮಕ ವಾಹನ, ಆ ದಿನಕ್ಕೆ ಪ್ರತ್ಯೇಕ ವಿಮೆ ಇಲ್ಲದೆ ಒಂದು ಗಾಡಿಯೂ ಗೆರೆಗೆ ಬರಬಾರದು. ವರ್ಷಕ್ಕೆ ಎರಡು ದಿನ ಸಾಕು.

ರೇಸಿನ ಪಟ್ಟಿ ಕೊಟ್ಟರೂ ಕೆಲವರು ರಸ್ತೆಯಲ್ಲೇ ಓಡಿಸುತ್ತಾರೆ ಎಂದು ಹಿರಿಯರು ಹೇಳುತ್ತಾರೆ. ನಿಜ, ಓಡಿಸುತ್ತಾರೆ. ಅಂಥವರ ಮೇಲೆ ಆಗ ಪೂರ್ತಿ ಕಲಂ ಹಾಕಿ, ಗಾಡಿ ಜಪ್ತಿ ಮಾಡಿ. ಜಾಗ ಇದ್ದೂ ರಸ್ತೆಗೆ ಬಂದೆ ಏಕೆ ಎಂದು ಕೇಳಲು ನಿಮಗೂ ಬಾಯಿ ಇರುತ್ತದೆ, ಬೈಯಲು ನಮಗೂ ಬಾಯಿ ಇರುತ್ತದೆ. ಬರಗಾಲದ ಜಿಲ್ಲೆಗೆ ಈ ಷೋಕಿ ಏಕೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಷೋಕಿ ಈಗಾಗಲೇ ಬಂದಾಗಿದೆ, ರಾತ್ರಿ ಹತ್ತರ ಮೇಲೆ ಮನೆಯ ಹೊರಗೆ ನಿಂತು ಕಿವಿಗೊಡಿ.

ಆದ್ದರಿಂದ ಸಾರಿಗೆ ಇಲಾಖೆಯವರು 189ನೇ ಕಲಂನ ಲಿಖಿತ ಒಪ್ಪಿಗೆಗೆ ಅರ್ಜಿ ಎಲ್ಲಿ, ಹೇಗೆ ಹಾಕಬೇಕೆಂದು ಕನ್ನಡದಲ್ಲಿ ಒಂದು ಸುತ್ತೋಲೆ ಹೊರಡಿಸಬೇಕು. ಕಾರ್ಖಾನೆಯವರು ಜಾಗ ತೋರಿಸಬೇಕು. ಪೊಲೀಸರು ಅಲ್ಲಿಯವರೆಗೂ ಸೈಲೆನ್ಸರಿನ ಜತೆಗೆ ಟೈರು, ಬ್ರೇಕು, ಟ್ರ್ಯಾಕ್ಟರಿನ ಹಿಂದಿನ ದೀಪವನ್ನೂ ನೋಡಬೇಕು. ತೊಗರಿ ಕಟಾವು ಶುರುವಾಗುವ ಮೊದಲು ಮೇಲೆ ವಿಷಯದಲ್ಲಿ ಹೆಸರಿಸಿದ ಐದು ಊರಿನ ಗ್ಯಾರೇಜಿನವರನ್ನು ಕೂಡಿಸಿ ಒಂದು ಸಭೆ ಕರೆಯಿರಿ. ನಾವು ಬರುತ್ತೇವೆ, ಹುಡುಗರನ್ನೂ ಕರೆದುಕೊಂಡು ಬರುತ್ತೇವೆ.

ಇತಿ,
ಸೇಡಂ ಪಟ್ಟಣದ ಒಬ್ಬ ಗ್ಯಾರೇಜ್ ಮಿಸ್ತ್ರಿ